ಬೆಂಗಳೂರಿನಲ್ಲಿ ಆತಂಕದ ಕಾಯಿಲೆಗೆ ಚಿಕಿತ್ಸೆ: ನಿಮ್ಹಾನ್ಸ್ ಓಪಿಡಿ, ಖಾಸಗಿ ಕ್ಲಿನಿಕ್, ಟೆಲಿ-ಮಾನಸ್, ಆ್ಯಪ್

ಆತಂಕದ ಕಾಯಿಲೆಗೆ ಈ ಊರಿನಲ್ಲಿರುವಷ್ಟು ಬಾಗಿಲು ರಾಜ್ಯದ ಬೇರೆಲ್ಲೂ ಇಲ್ಲ. ಆದರೂ ಸರಿಯಾದ ಬಾಗಿಲು ಸಿಗುವ ಹೊತ್ತಿಗೆ ಎಷ್ಟೋ ಮಂದಿ ವರ್ಷಗಟ್ಟಲೆ ಅಲೆದಿರುತ್ತಾರೆ. ಎದೆ ಹೊಡೆದುಕೊಂಡರೆ ಇಸಿಜಿ, ಹೊಟ್ಟೆಯೊಳಗೆ ಸಂಕಟವಾದರೆ ಗ್ಯಾಸ್ಟ್ರಿಕ್ ಮಾತ್ರೆ, ತಲೆ ಸುತ್ತಿದರೆ ಸ್ಕ್ಯಾನ್, ನಿದ್ದೆ ಬಾರದಿದ್ದರೆ ಅರ್ಧ ಅಲ್‌ಪ್ರಜೊಲಾಮ್. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಆತಂಕ ಮತ್ತು ಖಿನ್ನತೆಯಂಥ ಸಾಮಾನ್ಯ ಮಾನಸಿಕ ಕಾಯಿಲೆ ಇರುವ 100 ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಇಲ್ಲಿ ಸೇವೆಗಳನ್ನು ಎರಡೇ ಪ್ರಶ್ನೆಗಳಿಂದ ತೂಗಿದ್ದೇವೆ. ಯಾವ ಬಗೆಯ ಆತಂಕ ಎಂದು ಕೇಳಿ ವಿಚಾರಿಸಿ ಹೆಸರಿಟ್ಟು ಹೇಳುತ್ತಾರೆಯೇ? ಭಯಪಟ್ಟು ಬಿಟ್ಟಿರುವುದನ್ನು ಮತ್ತೆ ಎದುರಿಸುವ ಅಭ್ಯಾಸ ಮಾಡಿಸುತ್ತಾರೆಯೇ? ಕುರ್ಚಿ ಮೆತ್ತಗಿದೆಯೇ, ಮಾತು ನಯವಾಗಿದೆಯೇ ಎಂಬುದೆಲ್ಲ ಆಮೇಲಿನ ಮಾತು. ಈ ಎರಡೇ ಏಕೆ ಎನ್ನುವುದಕ್ಕೆ ಮಿದುಳಿನೊಳಗೆ ಉತ್ತರವಿದೆ.

ಅಪಾಯದ ಸುಳಿವು ಸಿಕ್ಕಾಗ ಮಿದುಳಿನ ಎರಡೂ ಬದಿಯಲ್ಲಿರುವ ಅಮಿಗ್ಡಲಾ ಎಂಬ ಸಣ್ಣ ಭಾಗ ಎಚ್ಚರಗೊಳ್ಳುತ್ತದೆ. ಅಲ್ಲಿಂದ ಹೊರಟ ಸಂದೇಶ ಹೈಪೊಥಲಾಮಸ್ ಮತ್ತು ಮಿದುಳಕಾಂಡಕ್ಕೆ ತಲುಪಿದ ಕ್ಷಣವೇ ಎದೆ ಬಡಿತ ಏರುತ್ತದೆ, ಅಂಗೈ ಬೆವರುತ್ತದೆ, ಉಸಿರು ವೇಗವಾಗುತ್ತದೆ. ಉಸಿರು ಅಗತ್ಯಕ್ಕಿಂತ ಜಾಸ್ತಿಯಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ತುಟಿ, ಬೆರಳು ಜೋಮು ಹಿಡಿಯುವುದು, ತಲೆ ತೇಲಿದಂತಾಗುವುದು ಇದರಿಂದಲೇ. ಆ ಲಕ್ಷಣಗಳನ್ನೇ ಇನ್ನೊಂದು ಅಪಾಯವೆಂದು ಓದಿಕೊಂಡಾಗ ಗಾಬರಿ ದುಪ್ಪಟ್ಟಾಗುತ್ತದೆ. ಹಣೆಯ ಹಿಂದಿನ ಪ್ರಿಫ್ರಂಟಲ್ ಕಾರ್ಟೆಕ್ಸ್‌ನ ಒಳಭಾಗ ಮತ್ತು ನೆನಪುಗಳನ್ನು ನೋಡಿಕೊಳ್ಳುವ ಹಿಪ್ಪೊಕ್ಯಾಂಪಸ್ ಸೇರಿ 'ಇದು ಅಪಾಯದ ಜಾಗವಲ್ಲ' ಎಂದು ಅಮಿಗ್ಡಲಾವನ್ನು ತಣಿಸಬೇಕು. ಆತಂಕದ ಕಾಯಿಲೆಯಲ್ಲಿ ಸೋಲುವುದು ಈ ತಣಿಸುವ ಕೆಲಸ.

ಈ ವಿಷಯದಲ್ಲಿ ಜಗತ್ತು ಓದುವ ಒಂದು ಮುಖ್ಯ ಸಂಶೋಧನೆ ನಮ್ಮ ಊರಿನದೇ. ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಸುಮಂತ್ರ ಚಟರ್ಜಿ ಮತ್ತು ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಅವರಿದ್ದ ತಂಡ 2002ರಲ್ಲಿ ಇಲಿಗಳ ಮೇಲಿನ ಅಧ್ಯಯನ ಪ್ರಕಟಿಸಿತು. ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಇರಿಸಿದ ಇಲಿಗಳಲ್ಲಿ ಹಿಪ್ಪೊಕ್ಯಾಂಪಸ್‌ನ ನರಕೋಶಗಳ ಕವಲುಗಳು ಕುಗ್ಗಿದವು. ಅಮಿಗ್ಡಲಾದಲ್ಲಿ ಆಗಿದ್ದು ತದ್ವಿರುದ್ಧ: ಅಲ್ಲಿನ ಕವಲುಗಳು ಬೆಳೆದವು. 2004ರ ಮುಂದುವರಿದ ಅಧ್ಯಯನದಲ್ಲಿ 21 ದಿನ ವಿಶ್ರಾಂತಿ ಕೊಟ್ಟಾಗ ಹಿಪ್ಪೊಕ್ಯಾಂಪಸ್ ಚೇತರಿಸಿಕೊಂಡಿತು, ಅಮಿಗ್ಡಲಾ ಚೇತರಿಸಿಕೊಳ್ಳಲಿಲ್ಲ. ಇಲಿಯ ಫಲಿತಾಂಶವನ್ನು ಮನುಷ್ಯರಿಗೆ ನೇರವಾಗಿ ಹೊಂದಿಸಲಾಗದು, ನಿಜ. ಆದರೆ 'ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿ ಬಾ, ಎಲ್ಲ ಸರಿಹೋಗುತ್ತೆ' ಎಂಬ ಮನೆಮಂದಿಯ ಸಲಹೆ ಏಕೆ ಸಾಲದು ಎಂದು ಯೋಚಿಸಲು ಇಷ್ಟು ಸಾಕು. ಭಯದ ನೆನಪು ವಿಶ್ರಾಂತಿಯಿಂದ ಅಳಿಯುವುದಿಲ್ಲ. ಅದರ ಪಕ್ಕದಲ್ಲೇ 'ಎದುರಿಸಿದೆ, ಹೆದರಿದ್ದು ನಡೆಯಲಿಲ್ಲ' ಎಂಬ ಹೊಸ ಕಲಿಕೆ ಕೂರಬೇಕು. ಆ ಕಲಿಕೆ ಕೂರಿಸುವುದೇ ಚಿಕಿತ್ಸೆ.

ಇನ್ನು ನಿಮ್ಹಾನ್ಸ್. ಹೊಸೂರು ರಸ್ತೆಯ ಹೊರರೋಗಿ ವಿಭಾಗಕ್ಕೆ ಯಾರ ಶಿಫಾರಸು ಪತ್ರವೂ ಇಲ್ಲದೆ ನೇರವಾಗಿ ಹೋಗಬಹುದು. ಬೆಳಗ್ಗೆ ಬೇಗ ಹೋಗಿ ನೋಂದಣಿ ಮಾಡಿಸಬೇಕು, ಅರ್ಧ ದಿನವಾದರೂ ಕೈಯಲ್ಲಿರಬೇಕು. ಮೊದಲು ಸ್ಕ್ರೀನಿಂಗ್: ಒಬ್ಬ ವೈದ್ಯರು ಚುಟುಕಾಗಿ ಕೇಳಿ, ಯಾವ ವಿಭಾಗಕ್ಕೆ, ಎಷ್ಟು ತುರ್ತು ಎಂದು ನಿರ್ಧರಿಸುತ್ತಾರೆ. ವಿವರವಾದ ವಿಚಾರಣೆ ಅವತ್ತೇ ಆಗಬಹುದು, ಬೇರೆ ದಿನಾಂಕವೂ ಸಿಗಬಹುದು. ಈ ವಿವರವಾದ ವಿಚಾರಣೆಯೇ ನಿಮ್ಹಾನ್ಸ್‌ನ ಬಲ. ಬಾಲ್ಯ, ಕುಟುಂಬದ ಇತಿಹಾಸ, ಕುಡಿತ, ನಿದ್ದೆ, ಹಿಂದಿನ ಮಾತ್ರೆಗಳು, ಹಿಂದೆ ಎಂದಾದರೂ ಉನ್ಮಾದದ ಹಂತ ಬಂದಿತ್ತೇ ಎಂಬುದು, ಎಲ್ಲವನ್ನೂ ಕಿರಿಯ ವೈದ್ಯರು ಬರೆದುಕೊಂಡು ಹಿರಿಯರ ಮುಂದೆ ಇಡುತ್ತಾರೆ. ಹತ್ತು ನಿಮಿಷದ ಕ್ಲಿನಿಕ್ ಭೇಟಿಯಲ್ಲಿ ಇದು ಆಗದ ಮಾತು. ದೌರ್ಬಲ್ಯ ಜನಸಂದಣಿ. ಮರುಭೇಟಿಗಳು ಚಿಕ್ಕವು, ವಾರಕ್ಕೊಂದು ಥೆರಪಿ ಸೆಷನ್ ಬೇಕೆಂದರೆ ಸರದಿ ಕಾಯಬೇಕಾದೀತು.

ಹೋಗುವಾಗ ಹಳೆಯ ಚೀಟಿಗಳು, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್, ಇದ್ದರೆ ಬಿಪಿಎಲ್ ಕಾರ್ಡ್ ಒಯ್ಯಿರಿ. ಮನೆಯವರೊಬ್ಬರು ಜೊತೆಗಿದ್ದರೆ ಒಳ್ಳೆಯದು. ಬೇರೆ ರಾಜ್ಯಗಳಿಂದ ಬಂದ ಕಿರಿಯ ವೈದ್ಯರೂ ಅಲ್ಲಿರುತ್ತಾರೆ, ಕನ್ನಡ ಚೆನ್ನಾಗಿ ಬಲ್ಲವರೇ ಬೇಕೆಂದು ಕೇಳಲು ಸಂಕೋಚ ಬೇಡ. 'ಎದೆ ಧಸಕ್ಕೆನ್ನುತ್ತೆ', 'ಜೀವ ಬಾಯಿಗೆ ಬಂದಂಗಾಗುತ್ತೆ' ಎಂದು ನಿಮಗೆ ಬಂದ ಹಾಗೆಯೇ ಹೇಳಿ. 'ಟೆನ್ಷನ್' ಎಂದಷ್ಟೇ ಹೇಳಿದರೆ ವೈದ್ಯರ ಕೈಗೆ ಏನೂ ಸಿಗುವುದಿಲ್ಲ.

ಯಾವ ಆಸ್ಪತ್ರೆಯೇ ಆಗಲಿ, ಪತ್ತೆಹಚ್ಚುವ ಕೆಲಸ ಹೀಗಿರಬೇಕು. ಆರು ತಿಂಗಳಿಂದ, ಹೆಚ್ಚಿನ ದಿನಗಳಲ್ಲಿ, ಹತೋಟಿಗೆ ಸಿಗದ ಚಿಂತೆ. ಜೊತೆಗೆ ಚಡಪಡಿಕೆ, ಸುಸ್ತು, ಗಮನ ನಿಲ್ಲದಿರುವುದು, ಸಿಡುಕು, ಮೈ ಬಿಗಿತ, ನಿದ್ದೆಗೇಡು ಈ ಆರರಲ್ಲಿ ಮೂರಾದರೂ ಇದ್ದರೆ ಸಾರ್ವತ್ರಿಕ ಆತಂಕ. ಹೇಳದೆ ಕೇಳದೆ ನಿಮಿಷಗಳಲ್ಲಿ ಶಿಖರಕ್ಕೇರುವ ಗಾಬರಿ ಮತ್ತೆ ಮತ್ತೆ ಬಂದು, 'ಇನ್ನೊಮ್ಮೆ ಬಂದರೆ' ಎಂಬ ಅಂಜಿಕೆ ಒಂದು ತಿಂಗಳಾದರೂ ಕಾಡಿದರೆ ಪ್ಯಾನಿಕ್ ಕಾಯಿಲೆ. ನಾಲ್ಕು ಜನ ನೋಡುತ್ತಾರೆ, ತೂಗುತ್ತಾರೆ ಎಂಬ ಭಯ ಮುಖ್ಯವಾಗಿದ್ದರೆ ಸಾಮಾಜಿಕ ಆತಂಕ. ಬಸ್ಸು, ಸಂತೆ, ಸಾಲು, ತೆರೆದ ಬಯಲು, ಒಂಟಿಯಾಗಿ ಹೊರಹೋಗುವುದು ಇಂಥವನ್ನೆಲ್ಲ ಬಿಟ್ಟುಬಿಟ್ಟಿದ್ದರೆ ಅಗೊರಫೋಬಿಯಾ. ಗೀಳು ಕಾಯಿಲೆಯನ್ನೂ ಆಘಾತದ ನಂತರದ ಕಾಯಿಲೆಯನ್ನೂ ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ 2013ರ ಡಿಎಸ್‌ಎಂ-5 ಬೇರೆ ಗುಂಪಿಗೆ ಹಾಕಿದೆ. ಅವುಗಳ ಔಷಧಿಯ ಪ್ರಮಾಣವೂ ಥೆರಪಿಯ ಕ್ರಮವೂ ಬೇರೆಯಾದ್ದರಿಂದ ಹೆಸರು ಸರಿಯಾಗಿರುವುದು ಮುಖ್ಯ.

ಇನ್ನು ಪರೀಕ್ಷೆಗಳು. ಥೈರಾಯ್ಡ್‌ಗೆ ಟಿಎಸ್‌ಎಚ್, ಹಿಮೊಗ್ಲೋಬಿನ್, ರಕ್ತದ ಸಕ್ಕರೆ, ಒಂದು ಇಸಿಜಿ: ಬಹುಪಾಲು ಜನರಿಗೆ ಇಷ್ಟೇ ಸಾಕು. ಥೈರಾಯ್ಡ್ ಹೆಚ್ಚಾದರೂ ರಕ್ತ ಕಡಿಮೆಯಾದರೂ ಎದೆ ಬಡಿತ ಏರುತ್ತದೆ. ಆಸ್ತಮಾದ ಸಾಲ್‌ಬುಟಮಾಲ್ ಇನ್‌ಹೇಲರ್, ಸ್ಟೀರಾಯ್ಡ್, ಕೆಲವು ನೆಗಡಿ ಮಾತ್ರೆಗಳೂ ಹೀಗೆ ಮಾಡಬಲ್ಲವು. ದಿನಾ ಕುಡಿಯುವವರಿಗೆ ಬೆಳಗಿನ ನಡುಕ, ಗಾಬರಿ ಮದ್ಯ ಇಳಿಯುವುದರಿಂದಲೂ ಬರುತ್ತದೆ. ಬೈಟು ಎನ್ನುತ್ತಲೇ ದಿನಕ್ಕೆ ಐದಾರು ಸಲ ಫಿಲ್ಟರ್ ಕಾಫಿ ಕುಡಿಯುವವರು ಎರಡಕ್ಕೆ ಇಳಿಸಿ, ಮಧ್ಯಾಹ್ನದ ಮೇಲೆ ನಿಲ್ಲಿಸಿ ನೋಡಬೇಕು. ಮೊದಲ ಸಲ ಎದೆ ನೋವು ಬಂದವರು, ಅದರಲ್ಲೂ ನಲವತ್ತು ದಾಟಿದವರು, ಜಯದೇವಕ್ಕೋ ಹತ್ತಿರದ ಆಸ್ಪತ್ರೆಗೋ ಓಡುವುದೇ ಸರಿ. ಹೃದಯ ಸರಿಯಿದೆ ಎಂದು ತಜ್ಞರು ಹೇಳಿದ ಮೇಲೂ ತಿಂಗಳಿಗೊಮ್ಮೆ ಎಕೋ ಮಾಡಿಸಿಕೊಳ್ಳುವುದು ಮಾತ್ರ ಕಾಯಿಲೆಗೆ ಗೊಬ್ಬರ. ಸಮಾಧಾನ ಎರಡು ದಿನ ನಿಲ್ಲುತ್ತದೆ, ಅನುಮಾನ ಬಲಿಯುತ್ತದೆ.

ಮೊದಲ ಭೇಟಿಯಲ್ಲೇ ಅಂಕ ತೆಗೆಯುವ ಸೇವೆಗೆ ನಾವು ಹೆಚ್ಚು ಬೆಲೆ ಕೊಡುತ್ತೇವೆ. ಜಿಎಡಿ-7 ಎಂಬ ಏಳು ಪ್ರಶ್ನೆಗಳ ಹಾಳೆಗೆ ಎರಡು ನಿಮಿಷ ಸಾಕು. 21ಕ್ಕೆ 5 ಮುಟ್ಟಿದರೆ ಲಘು, 10 ಮುಟ್ಟಿದರೆ ಮಧ್ಯಮ, 15 ಮುಟ್ಟಿದರೆ ತೀವ್ರ. ಕಾಯಿಲೆಯ ಹೆಸರನ್ನು ಈ ಅಂಕವೊಂದೇ ಹೇಳಲಾರದು, ಆದರೆ ಆರು ವಾರದ ನಂತರ 16 ಇದ್ದದ್ದು 15ಕ್ಕೇ ನಿಂತಿದ್ದರೆ ಚಿಕಿತ್ಸೆ ಬದಲಿಸಬೇಕೆಂದು ತಕ್ಷಣ ಗೊತ್ತಾಗುತ್ತದೆ.

ಔಷಧಿಯ ಚೀಟಿಯನ್ನು ಓದಲು ಬರಬೇಕು. ಮೊದಲ ಆಯ್ಕೆ ಸಾಮಾನ್ಯವಾಗಿ ಮಿದುಳಿನ ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುವ ಎಸ್‌ಎಸ್‌ಆರ್‌ಐ ಗುಂಪಿನದು: ಎಸ್ಸಿಟಾಲೊಪ್ರಾಮ್ 5 ಮಿಗ್ರಾಂನಿಂದ ಶುರುವಾಗಿ ವಾರದ ನಂತರ 10, ಬೇಕಿದ್ದರೆ 20, ಅಥವಾ ಸರ್ಟ್ರಾಲಿನ್ 25ರಿಂದ 50, ಮುಂದೆ ಹಂತಹಂತವಾಗಿ ಹೆಚ್ಚು. ಆತಂಕದವರಿಗೆ ಖಿನ್ನತೆಯವರಿಗಿಂತ ಕಡಿಮೆಯಿಂದ ಶುರು ಮಾಡುವುದಕ್ಕೆ ಕಾರಣವಿದೆ. ಮೊದಲ ಒಂದೆರಡು ವಾರ ಚಡಪಡಿಕೆ, ವಾಕರಿಕೆ, ತಲೆನೋವು ಹೆಚ್ಚಾಗಬಹುದು. ಇದನ್ನು ಮೊದಲೇ ಹೇಳದ ವೈದ್ಯರ ರೋಗಿಗಳು ನಾಲ್ಕನೇ ದಿನಕ್ಕೆ ಮಾತ್ರೆ ಬಿಟ್ಟುಬಿಡುತ್ತಾರೆ. ಸೆರೊಟೋನಿನ್ ಮಟ್ಟ ಕೆಲವೇ ಗಂಟೆಗಳಲ್ಲಿ ಬದಲಾದರೂ ನರಕೋಶಗಳು ಅದಕ್ಕೆ ಹೊಂದಿಕೊಳ್ಳಲು ವಾರಗಳು ಬೇಕು. ಗುಣ ಕಾಣಲು 2ರಿಂದ 6 ವಾರ. ಸಾಕಷ್ಟು ಪ್ರಮಾಣದಲ್ಲಿ 6ರಿಂದ 8 ವಾರ ಕೊಡುವ ಮೊದಲೇ 'ಇದು ಕೆಲಸ ಮಾಡಲಿಲ್ಲ' ಎಂದು ಮಾತ್ರೆ ಬದಲಿಸುವುದು ಆಗಾಗ ಕಾಣುವ ತಪ್ಪು. ಗುಣವಾದ ಮೇಲೂ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ, ಆಮೇಲೆ ಪ್ರಮಾಣ ಇಳಿಸುತ್ತಾ ನಿಲ್ಲಿಸಬೇಕು. ಒಮ್ಮೆಲೇ ಬಿಟ್ಟರೆ ತಲೆಯಲ್ಲಿ ಕರೆಂಟ್ ಹೊಡೆದಂತಾಗುವುದು, ತಲೆಸುತ್ತು ಬರುತ್ತದೆ. ಪ್ಯಾರಾಕ್ಸಿಟಿನ್ ಮತ್ತು ವೆನ್ಲಫ್ಯಾಕ್ಸಿನ್‌ನಲ್ಲಿ ಇದು ಹೆಚ್ಚು. ಲೈಂಗಿಕ ತೊಂದರೆ ಆಗಬಹುದೆಂದು ವೈದ್ಯರೇ ಬಾಯಿಬಿಟ್ಟು ಹೇಳಬೇಕು, ರೋಗಿ ಕೇಳಲಿ ಎಂದು ಕಾಯಬಾರದು. 65 ದಾಟಿದವರಿಗೆ ಎಸ್ಸಿಟಾಲೊಪ್ರಾಮ್ 10ಕ್ಕೆ ಮಿತಿ. ವಯಸ್ಸಾದವರಲ್ಲಿ ರಕ್ತದ ಸೋಡಿಯಂ ಇಳಿಯುವುದನ್ನೂ ಗಮನಿಸಬೇಕು. 25ರೊಳಗಿನವರಲ್ಲಿ ಮೊದಲ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆ ಬರುತ್ತಿದೆಯೇ ಎಂದು ಕೇಳುತ್ತಿರಬೇಕು. ಅಂಥ ಯೋಚನೆ ಬಂದರೆ ಮುಂದಿನ ಭೇಟಿಗೆ ಕಾಯದೆ ಅಂದೇ ಹೋಗಿ. ನಿಮ್ಹಾನ್ಸ್‌ನ ತುರ್ತು ವಿಭಾಗ ಹಗಲುರಾತ್ರಿ ತೆರೆದಿರುತ್ತದೆ.

ಅಲ್‌ಪ್ರಜೊಲಾಮ್, ಕ್ಲೊನಾಜೆಪಾಮ್, ಲೊರಾಜೆಪಾಮ್ ಮಾತು ಬೇರೆ. ಮಿದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಕೆಲಸವನ್ನು ಇವು ಹೆಚ್ಚಿಸುತ್ತವೆ, ಅದಕ್ಕೇ ಅರ್ಧ ಗಂಟೆಯಲ್ಲಿ ಹಾಯೆನಿಸುತ್ತದೆ. ಎಸ್‌ಎಸ್‌ಆರ್‌ಐ ಹಿಡಿತಕ್ಕೆ ಬರುವವರೆಗೆ ಎರಡರಿಂದ ನಾಲ್ಕು ವಾರ ಬಳಸಿ ಇಳಿಸುವುದಾದರೆ ತಕರಾರಿಲ್ಲ. ಚೀಟಿಯಲ್ಲಿ ಇದೊಂದೇ ಇದ್ದು, ನಿಲ್ಲಿಸುವ ದಿನಾಂಕವೂ ಇಲ್ಲದಿದ್ದರೆ ಆ ಸೇವೆಗೆ ನಮ್ಮ ಅಂಕ ಸೊನ್ನೆ. ಅಭ್ಯಾಸವಾಗುತ್ತದೆ, ಡೋಸ್ ಏರುತ್ತದೆ, ಮರೆವು ಬರುತ್ತದೆ, ವಯಸ್ಸಾದವರು ರಾತ್ರಿ ಎದ್ದಾಗ ಬೀಳುತ್ತಾರೆ. ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಆದ್ದರಿಂದ ತಿಂಗಳುಗಟ್ಟಲೆ ತೆಗೆದುಕೊಂಡವರು ತಾವಾಗಿ ನಿಲ್ಲಿಸದೆ ವೈದ್ಯರ ಲೆಕ್ಕದಲ್ಲಿ ನಿಧಾನವಾಗಿ ಇಳಿಸಬೇಕು. ಅಲ್‌ಪ್ರಜೊಲಾಮ್ ಮಾರಾಟಕ್ಕೆ ಬಿಗಿ ನಿಯಮವಿರುವ ಔಷಧಿಗಳ ಎಚ್1 ಪಟ್ಟಿಯಲ್ಲಿದೆ: ಚೀಟಿ ಬೇಕೇ ಬೇಕು, ಮಾರಿದ ವಿವರವನ್ನು ಮೆಡಿಕಲ್ ಸ್ಟೋರ್‌ನವರು ಪ್ರತ್ಯೇಕ ಪುಸ್ತಕದಲ್ಲಿ ಬರೆದು 3 ವರ್ಷ ಇಡಬೇಕು. ಚೀಟಿ ಕೇಳದೆ ಕೊಡುವ ಅಂಗಡಿ ಉಪಕಾರ ಮಾಡುತ್ತಿಲ್ಲ.

ಥೆರಪಿಯಲ್ಲಿ ಅತಿ ಹೆಚ್ಚು ಪುರಾವೆ ಇರುವುದು ಸಿಬಿಟಿಗೆ, ಅಂದರೆ ಯೋಚನೆಯ ರೀತಿಯನ್ನೂ ನಡವಳಿಕೆಯನ್ನೂ ಬದಲಿಸುವ ಚಿಕಿತ್ಸೆಗೆ. ಸಾಮಾನ್ಯವಾಗಿ 12ರಿಂದ 16 ಸೆಷನ್, ಒಂದೊಂದೂ 45ರಿಂದ 60 ನಿಮಿಷ. ಅದರ ಜೀವಾಳ ಎಕ್ಸ್‌ಪೋಷರ್, ಅಂದರೆ ಹೆದರಿದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವ ಅಭ್ಯಾಸ. ಮೆಟ್ರೊದಲ್ಲಿ ಉಸಿರು ಕಟ್ಟಿ ಬೀಳುತ್ತೇನೆಂದು ಹೆದರುವವರಿಗೆ ನೇರಳೆ ಮಾರ್ಗದಲ್ಲೇ ಒಳ್ಳೆಯ ಮೆಟ್ಟಿಲು ಹಾಕಬಹುದು. ಮೊದಲು ಎಂ.ಜಿ. ರಸ್ತೆ ನಿಲ್ದಾಣದ ಪ್ಲಾಟ್‌ಫಾರ್ಮ್‌ನಲ್ಲಿ ರೈಲು ಹತ್ತದೆ ಇಪ್ಪತ್ತು ನಿಮಿಷ ನಿಲ್ಲುವುದು. ಆಮೇಲೆ ಅಲ್ಲಿಂದ ಟ್ರಿನಿಟಿಗೆ, ಎತ್ತರದ ಹಳಿಯ ಮೇಲೆ ಒಂದೇ ನಿಲ್ದಾಣ. ಮುಂದಿನದು ಎಂ.ಜಿ. ರಸ್ತೆಯಿಂದ ಕಬ್ಬನ್ ಪಾರ್ಕ್, ಇಲ್ಲಿ ರೈಲು ನೆಲದಡಿಗೆ ಇಳಿಯುತ್ತದೆ. ನಂತರ ಕಬ್ಬನ್ ಪಾರ್ಕ್‌ನಿಂದ ಮೆಜೆಸ್ಟಿಕ್‌ವರೆಗೆ ಪೂರ್ತಿ ಸುರಂಗ. ಕೊನೆಗೆ ಅದೇ ದಾರಿ ಸಂಜೆ ಆಫೀಸು ಬಿಡುವ ಹೊತ್ತಿಗೆ, ಬಾಗಿಲ ಬಳಿಯಲ್ಲ, ಬೋಗಿಯ ನಡುವೆ ನಿಂತು, ಕೈಯಲ್ಲಿ ನೀರಿನ ಬಾಟಲಿಯಿಲ್ಲದೆ, ಜೇಬಿನಲ್ಲಿ ಮಾತ್ರೆಯ ಸ್ಟ್ರಿಪ್ ಇಲ್ಲದೆ.

ಪ್ರತಿ ಮೆಟ್ಟಿಲಿಗೂ ಸೊನ್ನೆಯಿಂದ ನೂರರೊಳಗೆ ಭಯದ ಅಂಕ ಹಾಕಿ, 30-40ರ ಆಸುಪಾಸಿನದರಿಂದ ಶುರು ಮಾಡಬೇಕು. ಹೊರಡುವ ಮುನ್ನ 'ಪ್ರಜ್ಞೆ ತಪ್ಪಿ ಬೀಳುತ್ತೇನೆ, ಖಾತ್ರಿ 80%' ಎಂದು ಬರೆದಿಟ್ಟು, ಬಂದ ಮೇಲೆ ಏನಾಯಿತೆಂದು ಪಕ್ಕದಲ್ಲೇ ಬರೆಯಬೇಕು. ಕಲಿಕೆ ಆಗುವುದು ಈ ಎರಡು ಸಾಲುಗಳ ಅಂತರದಲ್ಲಿ. ಗಾಬರಿ ಶಿಖರದಲ್ಲಿದ್ದಾಗ ಇಳಿದು ಓಡಿದರೆ ಮಿದುಳು ಕಲಿಯುವುದು 'ಓಡಿದ್ದರಿಂದ ಬದುಕಿದೆ' ಎಂದೇ. ವಾರಕ್ಕೊಂದು ಸಲ ಮಾಡಿದರೂ ಸಾಲದು, ನಾಲ್ಕೈದು ಸಲವಾದರೂ ಬೇಕು. ದೀರ್ಘ ಉಸಿರಾಟ ಒಳ್ಳೆಯದೇ, ಆದರೆ ಎಕ್ಸ್‌ಪೋಷರ್ ನಡುವೆ ಅದನ್ನು ಊರುಗೋಲಾಗಿ ಹಿಡಿದರೆ 'ಉಸಿರಾಟ ಕಾಪಾಡಿತು' ಎಂಬ ಪಾಠ ಉಳಿಯುತ್ತದೆ. ಅನುಭವಿ ಥೆರಪಿಸ್ಟ್ ಇದನ್ನು ಗುರುತಿಸಿ ಬಿಡಿಸುತ್ತಾರೆ. ಮನೆಯವರು ಪದೇ ಪದೇ ಹೇಳುವ 'ಏನೂ ಆಗಲ್ಲ ಬಿಡು' ಕೂಡ ಇಂಥದ್ದೇ, ಅದನ್ನೂ ಮೆಲ್ಲಗೆ ಕಡಿಮೆ ಮಾಡಬೇಕು.

ಪ್ಯಾನಿಕ್‌ಗೆ ಇನ್ನೊಂದು ಅಭ್ಯಾಸವಿದೆ: ದೇಹದ ಲಕ್ಷಣಗಳನ್ನು ಬೇಕೆಂದೇ ಬರಿಸುವುದು. ಒಂದು ನಿಮಿಷ ಜೋರಾಗಿ ಉಸಿರಾಡುವುದು, ತಿರುಗುವ ಕುರ್ಚಿಯಲ್ಲಿ ಒಂದು ನಿಮಿಷ ಸುತ್ತುವುದು, ಮೂಗು ಮುಚ್ಚಿ ಸ್ಟ್ರಾದಲ್ಲಿ ಉಸಿರೆಳೆಯುವುದು, ನಿಂತಲ್ಲೇ ಓಡುವುದು. ಹೃದ್ರೋಗ, ಫಿಟ್ಸ್, ತೀವ್ರ ಆಸ್ತಮಾ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ರಕ್ತ, ಸೂಜಿ ಕಂಡರೆ ಬೀಳುವವರದು ಬೇರೆಯೇ ಲೆಕ್ಕ. ಪ್ಯಾನಿಕ್‌ನಲ್ಲಿ ಬಿಪಿ ಸಾಮಾನ್ಯವಾಗಿ ಏರುವುದರಿಂದ ಮೂರ್ಛೆ ಅಪರೂಪ. ಇವರಲ್ಲಿ ಬಿಪಿ ನಿಜವಾಗಿಯೂ ಕುಸಿಯುತ್ತದೆ. ಇವರಿಗೆ ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು 10-15 ಸೆಕೆಂಡ್ ಬಿಗಿಹಿಡಿದು, 20-30 ಸೆಕೆಂಡ್ ಬಿಟ್ಟು, ಐದು ಸಲ ಮಾಡುವುದನ್ನು ಕಲಿಸಬೇಕು. ಮೈ ಸಡಿಲಿಸಿ ಎಂದು ಹೇಳಿದರೆ ಕೆಡುತ್ತದೆ.

ಇಂದಿರಾನಗರ, ಕೋರಮಂಗಲ, ಜಯನಗರದ ಖಾಸಗಿ ಕ್ಲಿನಿಕ್‌ಗಳಲ್ಲಿ ಸಮಯ ಬೇಗ ಸಿಗುತ್ತದೆ, ಸಂಜೆ ಮತ್ತು ಭಾನುವಾರವೂ ಸಿಗುತ್ತದೆ. ಗುಣಮಟ್ಟ ಮಾತ್ರ ಒಂದೊಂದು ಕಡೆ ಒಂದೊಂದು ಥರ. ಮಾತ್ರೆ ಬರೆಯುವವರು ಎಂಡಿ ಅಥವಾ ಡಿಎನ್‌ಬಿ ಮಾಡಿದ, ವೈದ್ಯಕೀಯ ಪರಿಷತ್ತಿನ ನೋಂದಣಿಯಿರುವ ಮನೋವೈದ್ಯರಾಗಿರಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡ್ ಹಾಕಿದವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಲೇಬೇಕು, ಕೇಳಿದರೆ ತಪ್ಪಿಲ್ಲ. ಫೋನಿನಲ್ಲೇ ಕೇಳಿ: ಎಕ್ಸ್‌ಪೋಷರ್ ಮಾಡಿಸುತ್ತೀರಾ, ಎಷ್ಟು ಸೆಷನ್ ಬೇಕಾಗಬಹುದು, ಹೋಂವರ್ಕ್ ಕೊಡುತ್ತೀರಾ, ಕನ್ನಡದಲ್ಲಿ ನಡೆಸುತ್ತೀರಾ? 'ಮಾತಾಡ್ತಾ ಹೋಗೋಣ, ನೋಡೋಣ' ಎಂಬ ಉತ್ತರ ಬಂದರೆ ಬೇರೆಡೆ ಹುಡುಕಿ. ಸೆಷನ್‌ಗೆ ಸಾವಿರವೆಂದು ಹಿಡಿದರೂ 12ಕ್ಕೆ ಹನ್ನೆರಡು ಸಾವಿರ, ಬಹಳ ಕಡೆ ಇನ್ನೂ ಹೆಚ್ಚು. ಸೇಂಟ್ ಜಾನ್ಸ್, ಎಂ.ಎಸ್. ರಾಮಯ್ಯದಂಥ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಮನೋವೈದ್ಯ ವಿಭಾಗಗಳು ನಡುವಿನ ದಾರಿ. ಔಷಧಿಯನ್ನು ನಿಮ್ಹಾನ್ಸ್‌ನಲ್ಲೇ ಇಟ್ಟುಕೊಂಡು ಥೆರಪಿಯನ್ನಷ್ಟೇ ಹೊರಗೆ ಮಾಡಿಸುವುದೂ ಚೆನ್ನಾಗಿ ನಡೆಯುತ್ತದೆ, ಇಬ್ಬರೂ ಒಬ್ಬರ ಟಿಪ್ಪಣಿ ಇನ್ನೊಬ್ಬರು ಓದುವಂತಿದ್ದರೆ.

ಟೆಲಿ-ಮಾನಸ್, ಸಂಖ್ಯೆ 14416, 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಉಚಿತ ಸೇವೆ. ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಯಾವ ಹೊತ್ತಿಗೆ ಬೇಕಾದರೂ ಕನ್ನಡದಲ್ಲಿ ಮಾತಾಡಬಹುದು. ಮೊದಲು ತರಬೇತಾದ ಕೌನ್ಸೆಲರ್, ಅಗತ್ಯಬಿದ್ದರೆ ಮೇಲಿನ ಹಂತದ ತಜ್ಞರು. ರಾತ್ರಿ ಎರಡು ಗಂಟೆಗೆ ಗಾಬರಿ ಹತ್ತಿದಾಗ, ಎಲ್ಲಿಗೆ ಹೋಗಬೇಕೆಂದು ತಿಳಿಯದಾಗ ಇದಕ್ಕಿಂತ ಸುಲಭದ ಬಾಗಿಲಿಲ್ಲ, ಈ ಸಂಖ್ಯೆ ಪ್ರತಿ ಮನೆಯಲ್ಲೂ ಇರಬೇಕು. ಆದರೆ ಹನ್ನೆರಡು ವಾರದ ಸಿಬಿಟಿಯ ಜಾಗವನ್ನು ಫೋನ್ ಕರೆ ತುಂಬಲಾರದು. ಗಾಬರಿಯಾದಾಗಲೆಲ್ಲ ಕರೆ ಮಾಡುವುದು ರೂಢಿಯಾದರೆ ಅದೂ ಊರುಗೋಲೇ.

ಆ್ಯಪ್‌ಗಳು ದಾಖಲೆ ಇಡಲು, ಉಸಿರಾಟದ ಅಭ್ಯಾಸಕ್ಕೆ ಸರಿ. ಲಘು ಆತಂಕಕ್ಕೆ ಒಂದಿಷ್ಟು ನೆರವು. ಮೊದಲ ವಿಡಿಯೊ ಭೇಟಿಯಲ್ಲೇ ನಿದ್ದೆ ಮಾತ್ರೆ ಬರೆದುಕೊಡುವಂಥವುಗಳಿಂದ ದೂರವಿರಿ. ಯೋಗದ ಬಗ್ಗೆ ಪುರಾವೆ ಇದೆ: 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಸಾರ್ವತ್ರಿಕ ಆತಂಕ ಇದ್ದವರ ಪೈಕಿ 12 ವಾರಗಳಲ್ಲಿ ಗುಣ ಕಂಡವರು ಯೋಗದಲ್ಲಿ ಸುಮಾರು 54%, ಸಿಬಿಟಿಯಲ್ಲಿ ಸುಮಾರು 71%, ಬರೀ ಒತ್ತಡದ ತಿಳಿವಳಿಕೆ ಪಾಠದಲ್ಲಿ 33%. ಯೋಗ ಮಾಡಿ, ಸಿಬಿಟಿ ಬಿಡಬೇಡಿ.

ಖರ್ಚಿನ ವಿಷಯಕ್ಕೆ ಬಂದರೆ, 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ವಿಮಾ ಕಂಪನಿಗಳು ದೈಹಿಕ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು. ಆದರೆ ಆತಂಕದ ಚಿಕಿತ್ಸೆ ಬಹುತೇಕ ಆಸ್ಪತ್ರೆಗೆ ದಾಖಲಾಗದೆ ನಡೆಯುವಂಥದ್ದು, ಬಹಳಷ್ಟು ಪಾಲಿಸಿಗಳಲ್ಲಿ ಓಪಿಡಿ ಖರ್ಚು ಸೇರಿರುವುದಿಲ್ಲ. ಆಫೀಸಿನ ಗ್ರೂಪ್ ಪಾಲಿಸಿ ಇದ್ದವರು 'ಓಪಿಡಿ ಇದೆಯೇ, ಅದರಲ್ಲಿ ಸೈಕಾಲಜಿಸ್ಟ್ ಸೆಷನ್ ಬರುತ್ತದೆಯೇ' ಎಂದು ಎಚ್‌ಆರ್‌ಗೆ ಇಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ಕೇಳುವಾಗ ಕಾಯಿಲೆಯ ಹೆಸರು ಹೇಳಬೇಕಿಲ್ಲ. ನಿಮ್ಮ ಚಿಕಿತ್ಸೆಯ ಮಾಹಿತಿ ಗೋಪ್ಯವಾಗಿರಬೇಕೆಂದು ಇದೇ ಕಾಯ್ದೆಯ 23ನೇ ಸೆಕ್ಷನ್ ಹೇಳುತ್ತದೆ. 25ನೆಯದು ನಿಮ್ಮ ವೈದ್ಯಕೀಯ ದಾಖಲೆಗಳನ್ನು ನೋಡುವ ಹಕ್ಕು ಕೊಡುತ್ತದೆ. ವೈದ್ಯರನ್ನು ಬದಲಿಸುವಾಗ ಯಾವ ಮಾತ್ರೆ, ಎಷ್ಟು ಮಿಗ್ರಾಂ, ಎಷ್ಟು ವಾರ, ಆಗ ಜಿಎಡಿ-7 ಅಂಕ ಎಷ್ಟಿತ್ತು ಎಂಬುದನ್ನು ಬರೆಸಿಕೊಂಡು ಹೊರಡಿ.